ಚರ್ಚಿನ ಹುಡುಗಿ, ರೇಡಿಯೊದ ಹಾಡು

ಕ್ರೈಸ್ತ ಸಂಗೀತದ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ. ‘ಕ್ರಿಶ್ಚಿಯನ್ ಪಾಪ್ ಅಂತ ನಮ್ಮ ಮಕ್ಕಳು ಕೇಳುವ ಹಾಡುಗಳಲ್ಲಿ ಡ್ರಮ್ಸು, ಗಿಟಾರು, ಕುಣಿತದ ಲಯ ಎಲ್ಲವೂ ಬೇರೆ ಪಾಪ್ ಹಾಡುಗಳ ಹಾಗೆಯೇ ಇವೆ. ಎಷ್ಟೋ ಹಾಡುಗಳಲ್ಲಿ ಯೇಸುವಿನ ಹೆಸರೂ ಇಲ್ಲ. ಇವು ಕ್ರೈಸ್ತ ಹಾಡುಗಳಾದದ್ದು ಹೇಗೆ?’ ಕೇಳುವವರಲ್ಲಿ ಸಭೆಯ ಹಿರಿಯರಿದ್ದಾರೆ, ಚರ್ಚಿನ ಮೆಟ್ಟಿಲು ಹತ್ತದ ಸಂಗೀತಪ್ರಿಯರೂ ಇದ್ದಾರೆ. ಸಿದ್ಧಾಂತದ ಮಾತಿನಲ್ಲಿ ಉತ್ತರ ಕೊಡಬಹುದು, ಆದರೆ ಅದರಿಂದ ಯಾರಿಗೂ ಸಮಾಧಾನವಾಗುವುದಿಲ್ಲ. ಹಾಗಾಗಿ ಈ ವಾರ ಒಂದೇ ಒಂದು ಆಲ್ಬಂ ಎತ್ತಿಕೊಂಡು, ಅದು ಹೇಗೆ ತಯಾರಾಯಿತು, ಯಾರು ಮಾಡಿದರು, ಯಾಕೆ ಗಲಾಟೆಯಾಯಿತು ಎಂದು ನೋಡುತ್ತೇನೆ. ಆಲ್ಬಂ ಹೆಸರು ‘ಹಾರ್ಟ್ ಇನ್ ಮೋಷನ್’. ಹಾಡಿದವರು ಅಮೆರಿಕದ ಏಮಿ ಗ್ರಾಂಟ್. ಹೊರಬಂದದ್ದು 1991ರ ಮಾರ್ಚ್‌ನಲ್ಲಿ.

ಏಮಿ ಗ್ರಾಂಟ್ ಹುಟ್ಟಿದ್ದು 1960ರಲ್ಲಿ, ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿ. ಬೆಳೆದದ್ದು ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ. ಅವರ ಕುಟುಂಬ ಸೇರಿದ್ದು ‘ಚರ್ಚ್ ಆಫ್ ಕ್ರೈಸ್ಟ್’ ಎಂಬ ಪಂಗಡಕ್ಕೆ. ಈ ಪಂಗಡದ ಪದ್ಧತಿಯನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಚೆನ್ನಾಗಿ ಅರ್ಥವಾಗುತ್ತದೆ: ಅಲ್ಲಿ ಆರಾಧನೆಯಲ್ಲಿ ವಾದ್ಯಗಳೇ ಇಲ್ಲ. ಪಿಯಾನೊ ಇಲ್ಲ, ಆರ್ಗನ್ ಇಲ್ಲ. ಇಡೀ ಸಭೆ ಬರಿಗೊರಳಿನಲ್ಲಿ, ಬೇರೆ ಬೇರೆ ಸ್ತರಗಳಲ್ಲಿ ಹಾಡುತ್ತದೆ. ಹೊಸ ಒಡಂಬಡಿಕೆಯಲ್ಲಿ ಹಾಡಿರಿ ಎಂದಿದೆಯೇ ಹೊರತು ಬಾರಿಸಿರಿ ಎಂದಿಲ್ಲ ಎಂಬುದು ಅವರ ವಾದ. ಅಂಥ ಮನೆಯಿಂದ ಬಂದ ಹೆಣ್ಣುಮಗಳು ಸಿಂಥಸೈಜರು, ಡ್ರಮ್ ಮೆಷಿನ್ನುಗಳ ನಡುವೆ ನಿಂತು ಅಮೆರಿಕದ ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿದರು. ಅವರ ದನಿಯಲ್ಲಿ ಕಸರತ್ತು ಕಡಿಮೆ, ಪಕ್ಕದಲ್ಲಿ ಕೂತು ಮಾತಾಡಿದ ಹಾಗಿರುತ್ತದೆ. ಆ ಗುಣ ವಾದ್ಯವಿಲ್ಲದ ಆ ಸಭೆಯಿಂದಲೇ ಬಂದಿರಬೇಕು ಎಂದು ನನಗನ್ನಿಸುತ್ತದೆ. ಸಭೆಯಲ್ಲಿ ಹಾಡುವವರು ಪಕ್ಕದವರ ದನಿ ಮುಳುಗದಂತೆ ಹಾಡಲು ಕಲಿತಿರುತ್ತಾರೆ.

ಅವರು ಧ್ವನಿಮುದ್ರಣಕ್ಕೆ ಬಂದದ್ದೂ ಹೆಚ್ಚುಕಡಿಮೆ ಆಕಸ್ಮಿಕವೇ. ಹೈಸ್ಕೂಲಿನಲ್ಲಿದ್ದಾಗ ನ್ಯಾಶ್‌ವಿಲ್‌ನ ಸ್ಟುಡಿಯೊವೊಂದರಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದರು. ತಂದೆತಾಯಿಗೆ ಕೊಡೋಣವೆಂದು ತಾವು ಕಟ್ಟಿದ ಹಾಡುಗಳ ಒಂದು ಟೇಪು ಮಾಡಿಕೊಂಡರು. ಅದಕ್ಕೆ ನೆರವಾದವರು ಬ್ರೌನ್ ಬ್ಯಾನಿಸ್ಟರ್. ಆ ಟೇಪು ನಿರ್ಮಾಪಕ ಕ್ರಿಸ್ ಕ್ರಿಶ್ಚಿಯನ್ ಅವರ ಕಿವಿಗೆ ಬಿತ್ತು, ಅವರು ಟೆಕ್ಸಾಸ್‌ನ ವೇಕೊ ನಗರದಲ್ಲಿದ್ದ ‘ವರ್ಡ್ ರೆಕಾರ್ಡ್ಸ್’ ಕಂಪನಿಗೆ ಫೋನಿನಲ್ಲೇ ಕೇಳಿಸಿದರು. ಹದಿನಾರು ತುಂಬುವ ಮೊದಲೇ ಒಪ್ಪಂದ ಬಂತು. ಮೊದಲ ಆಲ್ಬಂ 1977ರಲ್ಲಿ. 1982ರ ‘ಏಜ್ ಟು ಏಜ್’ ಕ್ರೈಸ್ತ ಸಂಗೀತದ ಲೋಕದಲ್ಲಿ ಹಿಂದೆ ಕಾಣದಷ್ಟು ಮಾರಾಟವಾಗಿ, 1985ರ ಹೊತ್ತಿಗೆ ಹತ್ತು ಲಕ್ಷದ ಗಡಿ ಮುಟ್ಟಿತು. ‘ಎಲ್ ಶದ್ದಾಯ್’ ಎಂಬ ಪ್ರಸಿದ್ಧ ಹಾಡು ಇರುವುದು ಅದರಲ್ಲೇ. ನಮ್ಮೂರಿನ ಎಷ್ಟೋ ಇಂಗ್ಲಿಷ್ ಆರಾಧನೆಗಳಲ್ಲಿ ಆ ಹಾಡನ್ನು ನಾನು ಕೇಳಿದ್ದೇನೆ.

ಇಷ್ಟು ಮಾರಾಟವಾದರೂ ಅಮೆರಿಕದ ಬಹುಪಾಲು ಜನಕ್ಕೆ ಏಮಿ ಗ್ರಾಂಟ್ ಯಾರೆಂದು ಗೊತ್ತಿರಲಿಲ್ಲ. ಹೇಗೆ ಎಂದರೆ, ಆ ಕಾಲದ ಕ್ರೈಸ್ತ ಸಂಗೀತಕ್ಕೆ ತನ್ನದೇ ಆದ ಪ್ರತ್ಯೇಕ ಪೇಟೆ ಇತ್ತು. ಅದರ ಬೇರು 1960ರ ದಶಕದ ಕೊನೆಯ ಕ್ಯಾಲಿಫೋರ್ನಿಯಾದಲ್ಲಿದೆ. ಉದ್ದಕೂದಲಿನ ಹಿಪ್ಪಿ ಯುವಕರು ಕ್ರಿಸ್ತನ ಕಡೆ ತಿರುಗಿ, ತಮಗೆ ಗೊತ್ತಿದ್ದ ರಾಕ್ ಸಂಗೀತದಲ್ಲೇ ಹಾಡತೊಡಗಿದರು. ಲ್ಯಾರಿ ನಾರ್ಮನ್ ಅವರ ‘ಅಪಾನ್ ದಿಸ್ ರಾಕ್’ 1969ರಲ್ಲಿ ಬಂತು. ಹತ್ತು ವರ್ಷದೊಳಗೆ ಇದಕ್ಕೆಂದೇ ಕಂಪನಿಗಳು, ರೇಡಿಯೊ ಕೇಂದ್ರಗಳು, ಪತ್ರಿಕೆ, ಪ್ರಶಸ್ತಿ ಎಲ್ಲ ಹುಟ್ಟಿಕೊಂಡವು. ರೆಕಾರ್ಡುಗಳು ಸಿಗುತ್ತಿದ್ದದ್ದು ಸತ್ಯವೇದ, ಪ್ರಸಂಗದ ಪುಸ್ತಕ ಮಾರುವ ಕ್ರೈಸ್ತ ಪುಸ್ತಕದಂಗಡಿಗಳಲ್ಲಿ. ಆ ಅಂಗಡಿಗೆ ಹೋಗದವರಿಗೆ ಈ ಹಾಡುಗಳು ಸಿಗುತ್ತಲೇ ಇರಲಿಲ್ಲ. ಒಳಗೆ ಎಷ್ಟೇ ಹೆಸರಿದ್ದರೂ ಹೊರಗೆ ಅನಾಮಿಕರು.

ಆ ಗೋಡೆಗೆ ಬಾಗಿಲು ತೆರೆದದ್ದು ಒಂದು ವ್ಯಾಪಾರದ ಒಪ್ಪಂದ. 1985ರಲ್ಲಿ ವರ್ಡ್ ಕಂಪನಿಯೂ, ಹರ್ಬ್ ಆಲ್ಪರ್ಟ್ ಮತ್ತು ಜೆರ್ರಿ ಮಾಸ್ ಕಟ್ಟಿದ ‘ಎ ಅಂಡ್ ಎಂ’ ಕಂಪನಿಯೂ ಕೈಜೋಡಿಸಿದವು. ಪುಸ್ತಕದಂಗಡಿಗೆ ವರ್ಡ್‌ನ ‘ಮರ್’ ಎಂಬ ಮುದ್ರೆಯಲ್ಲಿ, ಊರಿನ ಸಾಮಾನ್ಯ ಕ್ಯಾಸೆಟ್ ಅಂಗಡಿಗೆ ಎ ಅಂಡ್ ಎಂ ಮುದ್ರೆಯಲ್ಲಿ, ಒಂದೇ ಆಲ್ಬಂ ಎರಡು ದಾರಿಯಲ್ಲಿ ಹೋಗತೊಡಗಿತು. ಆ ವರ್ಷದ ‘ಅನ್‌ಗಾರ್ಡೆಡ್’ ಆಲ್ಬಮ್ಮಿನ ‘ಫೈಂಡ್ ಎ ವೇ’ ಹಾಡು ಪಾಪ್ ಪಟ್ಟಿಯ ಮೊದಲ ಮೂವತ್ತರೊಳಗೆ ಬಂತು. ಮರುವರ್ಷ ಪೀಟರ್ ಸೆಟೆರಾ ಜೊತೆ ಹಾಡಿದ ಯುಗಳಗೀತೆ ಮೊದಲ ಸ್ಥಾನ ಹಿಡಿಯಿತು. 1988ರಲ್ಲಿ ಬಂದ ‘ಲೀಡ್ ಮಿ ಆನ್’ ಮಾತ್ರ ಬೇರೆ ತೆರನದು. ಗಂಭೀರ, ಹೆಚ್ಚುಕಡಿಮೆ ಜಾನಪದ ಧಾಟಿಯ ಆಲ್ಬಂ. ವಿಮರ್ಶಕರು ತಲೆಯ ಮೇಲೆ ಹೊತ್ತುಕೊಂಡರು, ರೇಡಿಯೊ ಅಷ್ಟಾಗಿ ಕಿವಿಗೊಡಲಿಲ್ಲ.

ಮುಂದಿನ ಆಲ್ಬಮ್ಮಿಗೆ ಕೂತಾಗ ಏಮಿ ಗ್ರಾಂಟ್ ತೆಗೆದುಕೊಂಡ ನಿರ್ಧಾರ ನೇರವಾಗಿತ್ತು: ಈ ಸಲ ಪಾಪ್ ಆಲ್ಬಂ, ಅದೂ ಪೂರ್ತಿ ಪಾಪ್. ಇದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಹನ್ನೊಂದು ಹಾಡುಗಳ ಕೆಲಸವನ್ನು ಮೂವರು ನಿರ್ಮಾಪಕರಿಗೆ ಹಂಚಿದರು. ಒಬ್ಬರು ಮೊದಲಿನಿಂದ ಜೊತೆಗಿದ್ದ ಬ್ರೌನ್ ಬ್ಯಾನಿಸ್ಟರ್. ಇನ್ನೊಬ್ಬರು ಮೈಕೆಲ್ ಒಮಾರ್ಟಿಯನ್. 1981ರ ಗ್ರ್ಯಾಮಿಯಲ್ಲಿ ದೊಡ್ಡ ಪ್ರಶಸ್ತಿಗಳನ್ನೆಲ್ಲ ಬಾಚಿಕೊಂಡ ಕ್ರಿಸ್ಟಫರ್ ಕ್ರಾಸ್ ಅವರ ಆಲ್ಬಂ, ಡಾನಾ ಸಮರ್ ಅವರ ‘ಶಿ ವರ್ಕ್ಸ್ ಹಾರ್ಡ್ ಫಾರ್ ದ ಮನಿ’ ಇವರ ಕೈಯಲ್ಲೇ ಆದವು. ಇದೇ ಒಮಾರ್ಟಿಯನ್ 1974ರಲ್ಲಿ ‘ವೈಟ್ ಹಾರ್ಸ್’ ಎಂಬ ಕ್ರೈಸ್ತ ಆಲ್ಬಂ ಮಾಡಿದ್ದವರು. ಎರಡೂ ಲೋಕದಲ್ಲಿ ಅವರಿಗೆ ಮನೆಯಿತ್ತು. ಮೂರನೆಯವರು ಕೀತ್ ಥಾಮಸ್, ಆಗಿನ್ನೂ ಹೊರಗೆ ಅಷ್ಟು ಹೆಸರಾಗದವರು. ಈ ಆಲ್ಬಂ ಬಂದ ಮರುವರ್ಷ ವನೆಸ್ಸಾ ವಿಲಿಯಮ್ಸ್ ಅವರ ‘ಸೇವ್ ದ ಬೆಸ್ಟ್ ಫಾರ್ ಲಾಸ್ಟ್’ ಮೂಲಕ ಮತ್ತೊಂದು ಮೊದಲ ಸ್ಥಾನದ ಹಾಡು ಕೊಟ್ಟರು.

ಪಾಪ್ ಹಾಡು ತಯಾರಾಗುವ ಬಗೆ ನಮ್ಮ ಭಕ್ತಿಗೀತೆ ತಯಾರಾಗುವ ಬಗೆಗೆ ಹೆಚ್ಚಾಗಿ ತಿರುವುಮುರುವು. ನಮ್ಮಲ್ಲಿ ಸಾಹಿತ್ಯ ಮೊದಲು, ರಾಗ ಆಮೇಲೆ. ಅಲ್ಲಿ ಎಷ್ಟೋ ಸಲ ಲಯ, ಬೇಸ್, ಕೀಬೋರ್ಡಿನ ಹಂದರ ಮೊದಲು ಸಿದ್ಧವಾಗುತ್ತದೆ. ಅದರ ಮೇಲೆ ರಾಗ ಗುನುಗುತ್ತ, ಅಕ್ಷರಕ್ಕೆ ಅಕ್ಷರ ಕೂರಿಸುತ್ತ ಮಾತು ಹುಡುಕಬೇಕು. ದನಿಯನ್ನು ತುಂಡುತುಂಡಾಗಿ, ಪದೇಪದೇ ಹಾಡಿಸಿ, ಒಳ್ಳೆಯ ಭಾಗಗಳನ್ನು ಆರಿಸಿ ಜೋಡಿಸುತ್ತಾರೆ. ಹಿಮ್ಮೇಳದ ದನಿಗಳು ಪದರಪದರವಾಗಿ ಸೇರುತ್ತವೆ. ಕಡೆಗೆ ಮಿಕ್ಸಿಂಗ್. ಯಾವ ದನಿ ಮುಂದೆ, ಯಾವುದು ಹಿಂದೆ ಎಂದು ತೂಗುವ ಆ ಹಂತದಲ್ಲೇ ಹಾಡು ರೇಡಿಯೊದಲ್ಲಿ ಗೆಲ್ಲುವುದೂ ಸೋಲುವುದೂ ಬಹುಪಾಲು ತೀರ್ಮಾನವಾಗುತ್ತದೆ. ‘ಬೇಬಿ ಬೇಬಿ’ ಹಾಡು ಹುಟ್ಟಿದ್ದು ಹೀಗೆಯೇ. ಕೀತ್ ಥಾಮಸ್ ಸಂಗೀತ ಕೊಟ್ಟರು, ಮಾತು ಮಾತ್ರ ಕೂಡಿಬರಲಿಲ್ಲ. ಏಮಿಯ ಮನೆಯಲ್ಲಿ ಆಗ ಆರು ವಾರದ ಹೆಣ್ಣುಕೂಸು. ಆ ಕೂಸಿನ ಮುಖ ನೋಡುತ್ತ ಪಲ್ಲವಿ ಹೊಳೆಯಿತು. ಆಲ್ಬಮ್ಮಿನ ಟಿಪ್ಪಣಿಯಲ್ಲೇ ಅವರು ಈ ಹಾಡನ್ನು ಆ ಮಗಳಿಗೆ ಅರ್ಪಿಸಿದ್ದಾರೆ.

1991ರ ಏಪ್ರಿಲ್ ಕೊನೆಗೆ ‘ಬೇಬಿ ಬೇಬಿ’ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೊದಲ ಸ್ಥಾನಕ್ಕೆ ಬಂದು ಎರಡು ವಾರ ಅಲ್ಲೇ ನಿಂತಿತು. ಅದರ ಹಿಂದೆಯೇ ‘ಎವ್ರಿ ಹಾರ್ಟ್‌ಬೀಟ್’ ಎರಡನೇ ಸ್ಥಾನಕ್ಕೆ, ‘ದಟ್ಸ್ ವಾಟ್ ಲವ್ ಈಸ್ ಫಾರ್’ ಏಳಕ್ಕೆ, ‘ಗುಡ್ ಫಾರ್ ಮಿ’ ಎಂಟಕ್ಕೆ. ಒಂದೇ ಆಲ್ಬಮ್ಮಿನ ನಾಲ್ಕು ಹಾಡು ಮೊದಲ ಹತ್ತರಲ್ಲಿ. ಅಮೆರಿಕದಲ್ಲಿ ಐವತ್ತು ಲಕ್ಷ ಪ್ರತಿಗಳ ಮನ್ನಣೆ. ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ವಿಭಾಗಕ್ಕೆ ನಾಮನಿರ್ದೇಶನವೂ ಆಯಿತು. ಪ್ರಶಸ್ತಿ ನಟಾಲಿ ಕೋಲ್ ಅವರ ಪಾಲಾಯಿತು.

ಗಲಾಟೆ ಎದ್ದದ್ದು ಇದರ ಜೊತೆಜೊತೆಗೇ. ಹಾಡಿನ ವಿಡಿಯೊದಲ್ಲಿ ಕೂಸು ಇಲ್ಲ, ಒಬ್ಬ ಚೆಲುವ ತರುಣನಿದ್ದಾನೆ. ಏಮಿ ಅವನ ಜೊತೆ ನಗುತ್ತಾರೆ, ಕುಣಿಯುತ್ತಾರೆ. ವಿವಾಹಿತೆ, ತಾಯಿ, ಕ್ರೈಸ್ತ ಗಾಯಕಿ ಪರಪುರುಷನ ಜೊತೆ ಹೀಗೆ ಕಾಣಿಸಿಕೊಳ್ಳಬಹುದೇ ಎಂದು ಹಳೆಯ ಅಭಿಮಾನಿಗಳು ಕೇಳಿದರು. ತಾಯಿ ಮಗುವಿಗೆ ಬರೆದ ಹಾಡನ್ನು ಪ್ರೇಮಿಗಳ ಹಾಡಾಗಿ ಮಾರಿದ್ದರ ಬಗ್ಗೆ ಅವರಿಗೆ ಬೇಸರವಿತ್ತು. ನನಗೂ ಆ ವಿಡಿಯೊ ಇಷ್ಟವಿಲ್ಲ. ತಪ್ಪು ಕಾಣುತ್ತದೆ ಎಂದಲ್ಲ, ಹಾಡಿನೊಳಗಿನ ಬೆರಗು ಅದರಲ್ಲಿ ಸಣ್ಣದಾಗಿಬಿಟ್ಟಿದೆ. ಕೂಸಿನ ಮುಖ ನೋಡಿ ಮೈಮರೆಯುವುದೂ ಭಕ್ತಿಯ ಒಂದು ದಾರಿ ಎಂಬುದನ್ನು ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ಯಶೋದೆಯ ಕಣ್ಣಿನಿಂದ ಕೃಷ್ಣನನ್ನು ಕಂಡ ದಾಸರ ಪದಗಳನ್ನು ಕೇಳುತ್ತಲೇ ಬೆಳೆದವರು ನಾವು.

ಹೆಚ್ಚು ಆಳದ ಆಕ್ಷೇಪ ಇನ್ನೊಂದಿತ್ತು. ಹನ್ನೊಂದು ಹಾಡುಗಳಲ್ಲಿ ಯೇಸುವಿನ ಹೆಸರು ಹಿಡಿದು ಹಾಡಿದ್ದು ಕೊನೆಯ ‘ಹೋಪ್ ಸೆಟ್ ಹೈ’ಯಲ್ಲಿ. ಉಳಿದವೆಲ್ಲ ದಾಂಪತ್ಯ, ಮಕ್ಕಳು, ಅಗಲಿಕೆ, ಮನೆವಾರ್ತೆ ಮತ್ತು ದುಡಿಮೆಯ ನಡುವೆ ಹೆಣಗುವ ಹೆಂಗಸಿನ ದಿನಚರಿ. ಸುವಾರ್ತೆಯನ್ನು ಮಾರಾಟಕ್ಕಾಗಿ ನೀರಾಗಿಸಿದರು ಎಂದು ಕೆಲವು ಪಾಸ್ಟರುಗಳೂ ಅಭಿಮಾನಿಗಳೂ ದೂರಿದರು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾಡುಗಾರರು ಹೊರಗಿನ ಪೇಟೆಗೆ ಹೋಗುವಾಗ ಏನನ್ನೋ ಹಿಂದೆ ಬಿಟ್ಟು ಹೋಗುವುದುಂಟು, ಆಮೇಲೆ ಅದಕ್ಕಾಗಿ ಮರಳಿ ಬರದಿರುವುದೂ ಉಂಟು. ಆ ಭಯ ಪಟ್ಟವರು ಕೆಟ್ಟ ಮನಸ್ಸಿನವರಲ್ಲ. ಹದಿನೈದು ವರ್ಷ ತಮ್ಮ ಮನೆಮಗಳೆಂದು ನೋಡಿದವಳು ಕೈಬಿಟ್ಟು ಹೋಗುತ್ತಾಳೇನೋ ಎಂಬ ಸಂಕಟ ಅದು.

ಆದರೆ ಐದನೆಯ ಹಾಡನ್ನು ಕೇಳಿದವರು ಆ ಮಾತನ್ನು ಅಷ್ಟು ಸುಲಭವಾಗಿ ಆಡಲಾರರು. ಹಾಡಿನ ಹೆಸರು ‘ಆಸ್ಕ್ ಮಿ’, ಗಿಟಾರ್ ವಾದಕ ಟಾಮ್ ಹೆಂಬಿ ಜೊತೆ ಏಮಿ ಬರೆದದ್ದು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕ ಹುಡುಗಿಯೊಬ್ಬಳ ಕಥೆ ಅದು. ಮುಚ್ಚಿದ ಬಾಗಿಲಿನ ಹಿಂದೆ ನಡೆದದ್ದನ್ನು ಹಾಡು ಮರೆಮಾಚುವುದಿಲ್ಲ, ಬಣ್ಣಿಸಿ ರಂಜಿಸುವುದೂ ಇಲ್ಲ. ಆ ಕೋಣೆಯಲ್ಲಿ ದೇವರು ಇದ್ದನೇ ಎಂಬ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಹಾಡುತ್ತದೆ. ಹುಡುಗಿ ಬೆಳೆದು ಹೆಂಗಸಾಗಿ, ನಿಧಾನವಾಗಿ ಗಾಯ ಮಾಯುವುದನ್ನು ಕಂಡವಳ ಸಾಕ್ಷಿಯಾಗಿ ಉತ್ತರ ಬರುತ್ತದೆ. 1991ರಲ್ಲಿ ಅಮೆರಿಕದ ಎಷ್ಟು ಪ್ರಸಂಗಪೀಠಗಳು ಇದನ್ನು ಬಾಯಿಬಿಟ್ಟು ಹೇಳುತ್ತಿದ್ದವು? ನಮ್ಮಲ್ಲಿ ಇಂದಿಗೂ ಎಷ್ಟು ಹೇಳುತ್ತವೆ? ಕುಣಿಸುವ ಹಾಡಿಗಾಗಿ ಕ್ಯಾಸೆಟ್ ಕೊಂಡ ಹುಡುಗಿಯೊಬ್ಬಳು ತನ್ನ ಕೋಣೆಯಲ್ಲಿ ಒಂಟಿಯಾಗಿ ಈ ಹಾಡಿಗೆ ಬಂದು ತಲುಪಿದರೆ, ತನ್ನ ಕಥೆ ಇನ್ನೊಬ್ಬರಿಗೂ ಗೊತ್ತಿದೆ ಎಂದು ಅವಳಿಗೆ ಮೊದಲ ಬಾರಿ ಅನ್ನಿಸಬಹುದಿತ್ತು. ಪುಸ್ತಕದಂಗಡಿಯ ಗೋಡೆಯೊಳಗೇ ಈ ಆಲ್ಬಂ ಉಳಿದಿದ್ದರೆ ಆ ಹುಡುಗಿಯ ಕೈಗೆ ಅದು ಸಿಗುತ್ತಿರಲಿಲ್ಲ. ಯೇಸುವಿನ ಹೆಸರು ಎಷ್ಟು ಸಲ ಬಂತೆಂದು ಲೆಕ್ಕ ಹಾಕುವವರಿಗೆ ನಾನು ಹೇಳುವುದು ಇಷ್ಟೇ: ಇಡೀ ಆಲ್ಬಮ್ಮಿನಲ್ಲಿ ಅತ್ಯಂತ ಕ್ರೈಸ್ತವಾದ ಹಾಡು ಇದು.

ಈ ಕ್ಯಾಸೆಟ್ ನನಗೆ ಸಿಕ್ಕಿದ್ದು ಕರಾವಳಿಯ ನಮ್ಮ ಸಭೆಯ ಯೂತ್ ಫೆಲೋಶಿಪ್‌ನಲ್ಲಿ. ಗಲ್ಫಿನಿಂದ ರಜೆಗೆ ಬಂದ ಯಾರೋ ತಂದುಕೊಟ್ಟದ್ದು. ನಾವೆಲ್ಲ ಹಾರ್ಮೋನಿಯಂ ದನಿಗೆ ಹಳೆಯ ಹಾಡಿನ ಪುಸ್ತಕ ಹಿಡಿದು ಹಾಡಿದವರು. ಹಿರಿಯರಲ್ಲಿ ಒಬ್ಬರು ಎರಡು ಹಾಡು ಕೇಳಿ, ‘ಇದನ್ನು ಸಭೆಯಲ್ಲಿ ಹಾಡಲಿಕ್ಕೆ ಆಗ್ತದಾ ಮಗಾ?’ ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಲು. ಇಲ್ಲ ಎಂದೆವು. ಈಗಲೂ ನನ್ನ ಉತ್ತರ ಅದೇ. ಭಾನುವಾರದ ಆರಾಧನೆಯಲ್ಲಿ ಹಾಡಲು ಬರೆದ ಹಾಡುಗಳಲ್ಲ ಇವು. ನಂಬಿಕೆಯುಳ್ಳ ಒಬ್ಬಾಕೆ ಸೋಮವಾರದಿಂದ ಶನಿವಾರದ ತನಕ ಬದುಕುವ ಬಗೆಯ ಹಾಡುಗಳು. ಎರಡಕ್ಕೂ ಜಾಗವಿರಬೇಕು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದರಿಂದಲೇ ಮೇಲಿನ ಪ್ರಶ್ನೆ ಮತ್ತೆಮತ್ತೆ ಏಳುತ್ತದೆ.

ಇನ್ನು ವಾದ್ಯದ ಬಗ್ಗೆ, ಧಾಟಿಯ ಬಗ್ಗೆ ಇರುವ ಆಕ್ಷೇಪ. ನಾವು ಹಳೆಯದು, ಪವಿತ್ರ ಎಂದು ಅಪ್ಪಿಕೊಂಡಿರುವ ಹಾಡುಗಳೂ ಒಮ್ಮೆ ಹೊಸವೇ ಆಗಿದ್ದವು. ಇಂಗ್ಲೆಂಡಿನ ಐಸಾಕ್ ವಾಟ್ಸ್ 1707ರಲ್ಲಿ ತಮ್ಮ ಗೀತೆಗಳ ಸಂಗ್ರಹ ತಂದಾಗ, ದಾವೀದನ ಕೀರ್ತನೆಗಳನ್ನು ಬಿಟ್ಟು ಮನುಷ್ಯ ಕಟ್ಟಿದ ಹಾಡನ್ನು ಆರಾಧನೆಗೆ ತರುವುದೇ ಎಂದು ವಿರೋಧಿಸಿದವರಿದ್ದರು. ನಮ್ಮದೇ ನೆಲಕ್ಕೆ ಬಂದರೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂರಿಸಿ ಸಭೆಗೆ ಹಾಡಿಸಿದರು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದು, ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ಹಾಡಬಹುದು ಎಂದು ತೋರಿಸಿದರು. ಜನ ದಿನವೂ ಗುನುಗುವ ಧಾಟಿಯಲ್ಲಿ ನಂಬಿಕೆಯನ್ನು ಹೇಳಬೇಕು ಎಂಬ ಹಂಬಲ ಕಿಟ್ಟೆಲರಿಗೂ ಇತ್ತು, ಏಮಿ ಗ್ರಾಂಟರಿಗೂ ಇತ್ತು. ಒಬ್ಬರಿಗೆ ಸಿಕ್ಕಿದ್ದು ಕನ್ನಡದ ಪದ್ಯ, ಇನ್ನೊಬ್ಬರಿಗೆ ಎಫ್‌ಎಂ ರೇಡಿಯೊ.

ಆಲ್ಬಂ ತೆರೆದ ಬಾಗಿಲಿನಿಂದ ಬೇರೆಯವರೂ ಹೊರಬಂದರು. ಅದೇ 1991ರಲ್ಲಿ ಮೈಕೆಲ್ ಡಬ್ಲ್ಯೂ. ಸ್ಮಿತ್ ಅವರ ‘ಪ್ಲೇಸ್ ಇನ್ ದಿಸ್ ವರ್ಲ್ಡ್’ ಪಾಪ್ ಪಟ್ಟಿಯ ಆರನೇ ಸ್ಥಾನಕ್ಕೆ ಏರಿತು. ಅದರ ಮಾತು ಬರೆದವರಲ್ಲಿ ಏಮಿಯೂ ಒಬ್ಬರು. 1995ರಲ್ಲಿ ‘ಡಿಸಿ ಟಾಕ್’ ಮತ್ತು ‘ಜಾರ್ಸ್ ಆಫ್ ಕ್ಲೇ’ ತಂಡಗಳ ಆಲ್ಬಂಗಳು ಬಂದವು. 2018ರಲ್ಲಿ ಲಾರೆನ್ ಡೇಗಲ್ ಅವರ ‘ಲುಕ್ ಅಪ್ ಚೈಲ್ಡ್’ ನೇರವಾಗಿ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯ ಮೂರನೇ ಸ್ಥಾನದಲ್ಲೇ ಕಾಣಿಸಿಕೊಂಡಾಗ ಯಾರಿಗೂ ಅದು ಅಸಾಧ್ಯವೆನ್ನಿಸಲಿಲ್ಲ. ಆದರೆ ಈ ನಡುವೆ ಇನ್ನೊಂದು ಬದಲಾವಣೆಯೂ ಆಗಿದೆ. ಸಭೆ ಒಟ್ಟಾಗಿ ಹಾಡುವ ಆರಾಧನಾ ಗೀತೆಗಳೇ ಈಗ ಕ್ರೈಸ್ತ ಸಂಗೀತದ ಪೇಟೆಯನ್ನು ಆಳುತ್ತಿವೆ. ಬೆಂಗಳೂರಿನ ಚರ್ಚುಗಳ ಪರದೆಯ ಮೇಲೆ ಮೂಡುವ ಇಂಗ್ಲಿಷ್ ಹಾಡುಗಳಲ್ಲಿ ಬಹುಪಾಲು ಇಂಥವೇ. ಅವು ಎತ್ತರದ ದನಿಯಲ್ಲಿ ದೇವರನ್ನು ಕೊಂಡಾಡುತ್ತವೆ, ಅದು ಬೇಕಾದದ್ದೇ. ಆದರೆ ಮಗುವಿನ ಮುಖ, ಗಂಡಹೆಂಡಿರ ಮುನಿಸು, ಗಾಯಗೊಂಡ ಬಾಲ್ಯ ಇವೆಲ್ಲ ಆ ಹಾಡುಗಳಿಂದ ಜಾರಿಹೋಗಿವೆ. ಇದು ನನಗೆ ನಷ್ಟವಾಗಿ ಕಾಣುತ್ತದೆ.

ಏಮಿ ಗ್ರಾಂಟ್ ತೆತ್ತ ಬೆಲೆಯೂ ಕಡಿಮೆಯಲ್ಲ. 1999ರಲ್ಲಿ ಅವರ ವಿಚ್ಛೇದನವಾದಾಗ ಕೆಲವು ಕ್ರೈಸ್ತ ರೇಡಿಯೊ ಕೇಂದ್ರಗಳು ಅವರ ಹಾಡುಗಳನ್ನೇ ನಿಲ್ಲಿಸಿದವು. ಅವರು ಹಾಡುವುದನ್ನು ಬಿಡಲಿಲ್ಲ, ಭಕ್ತಿಗೀತೆಗಳಿಗೂ ಮರಳಿದರು, 2002ರಲ್ಲಿ ಹಳೆಯ ಹಿಮ್ನ್‌ಗಳದ್ದೇ ಒಂದು ಆಲ್ಬಂ ತಂದರು. ಹೋದವಳು ಮರಳಲಾರಳು ಎಂದು ಹೆದರಿದವರಿಗೆ ಅದೇ ಉತ್ತರ. 2022ರಲ್ಲಿ ಅವರಿಗೆ ಕೆನಡಿ ಸೆಂಟರ್ ಗೌರವ ಸಂದಿತು. ಸಮಕಾಲೀನ ಕ್ರೈಸ್ತ ಸಂಗೀತದ ಕ್ಷೇತ್ರದಿಂದ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು.

‘ಹಾರ್ಟ್ ಇನ್ ಮೋಷನ್’ ಈಗ ಯಾರ ಫೋನಿನಲ್ಲಾದರೂ ಸಿಗುತ್ತದೆ. ಸಂಗೀತದ ದೃಷ್ಟಿಯಿಂದ ಅದರಲ್ಲಿ ಕೆಲವು ಹಾಡುಗಳಿಗೆ ವಯಸ್ಸಾಗಿದೆ. ಆ ಕಾಲದ ಕೀಬೋರ್ಡಿನ ಹೊಳಪು ಇಂದಿನ ಕಿವಿಗೆ ತುಸು ಜಾಸ್ತಿ ಎನ್ನಿಸೀತು. ಹಾಗಿದ್ದರೂ ಪ್ರಶ್ನೆ ಕಳಿಸಿದ ಹಿರಿಯರಲ್ಲಿ ನನ್ನದೊಂದು ಕೋರಿಕೆ: ಮಕ್ಕಳ ಜೊತೆ ಕೂತು ಮೊದಲು ಐದನೆಯ ಹಾಡನ್ನು, ಆಮೇಲೆ ಹನ್ನೊಂದನೆಯದನ್ನು ಕೇಳಿ. ಐದನೆಯದನ್ನು ಕೇಳಿದ ಮೇಲೆ ಮಕ್ಕಳಿಗೆ ಏನಾದರೂ ಹೇಳಬೇಕೆನ್ನಿಸಿದರೆ, ದಯವಿಟ್ಟು ಕಿವಿಗೊಡಿ.